ಹಗ್ಗದಾಚೆ ಉಳಿದ ಹರಕೆ

ಉತ್ಸವ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಈ ಮೇ ತಿಂಗಳ ಸಂತ ಕ್ಲಾರಾ ಮೆರವಣಿಗೆಯಲ್ಲಿ ನನ್ನ ಹೆಂಡತಿ ರೊವೀನಾಳನ್ನು ಕುಣಿಯಲು ಬಿಡದೆ ತಮ್ಮ ಕಾವಲಿನವರು ಹಗ್ಗದ ಆಚೆ ನಿಲ್ಲಿಸಿದರು. ನನ್ನ ದೂರು ಇಷ್ಟೇ. ಕುಣಿತದ ಸ್ಪರ್ಧೆಯ ತಂಡಗಳಿಗೆ ಒಂದೇ ಬಣ್ಣದ ಲಂಗ, ಮನಿಲಾದಿಂದ ಬಂದ ತೀರ್ಪುಗಾರರಿಗೆ ನೆರಳಿನ ವೇದಿಕೆ, ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸಿದ ತಮಗೆ ಇದೂ ಒಂದು ದೂರೇ ಎನಿಸಬಹುದು.

ನಮ್ಮೂರಿನಲ್ಲಿ ಈ ಕುಣಿತ ನೋಡುವುದಕ್ಕಿದ್ದದ್ದಲ್ಲ. ಮಕ್ಕಳಿಲ್ಲದವರು ಸಂತಳ ಪ್ರತಿಮೆಯ ಹಿಂದೆ ತಾವೇ ಕುಣಿದು ಕೇಳಿಕೊಳ್ಳಬೇಕು. ಬಿದಿರಿನ ವಾದ್ಯದವರು ಮುಂದೆ, ಹೆಂಗಸರು ಹಿಂದೆ, ಇಗರ್ಜಿಯ ಬಾಗಿಲಿನಿಂದ ಮೀನುಕೆರೆಯ ಸೇತುವೆಯ ತನಕ. ಹೆಜ್ಜೆ ತಪ್ಪಿತೆಂದು ಯಾರೂ ಯಾರನ್ನೂ ಹೊರಗಟ್ಟಿದ್ದಿಲ್ಲ. ನನ್ನ ಅತ್ತೆ ಹಾಗೆ ಕುಣಿದೇ ರೊವೀನಾಳನ್ನು ಪಡೆದರಂತೆ. ಹಸಿದವರನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬರು ಉಣ್ಣುವುದನ್ನು ತೋರಿಸಿದರೆ ಹೊಟ್ಟೆ ತುಂಬುತ್ತದೆಯೇ, ಮಾನ್ಯರೇ?

ಅವಳ ಗರ್ಭಕೋಶದಲ್ಲಿ ಗಡ್ಡೆಯಿದೆ, ಕೋಶವನ್ನೇ ತೆಗೆಯಬೇಕು ಎಂದು ಡಾಕ್ಟರು ಕ್ರಿಸ್‌ಮಸ್ ಹೊತ್ತಿಗೇ ಹೇಳಿದ್ದರು. "ಹಬ್ಬ ಒಂದು ಮುಗೀಲಿ ಡಾಕ್ಟ್ರೇ, ಆಮೇಲೆ ಏನ್ ಬೇಕಾದ್ರೂ ತೆಗೀರಿ," ಎಂದು ನೋವು ನುಂಗಿಕೊಂಡು ಕಾದಳು. ಅವಳ ಪಾಲಿಗೆ ಇದು ಕೊನೆಯ ಮೇ. ಸಂತಳಿಗೆಂದು ಮೊಟ್ಟೆಯ ಬುಟ್ಟಿ ಹಿಡಿದು ಹೊರಟವಳಿಗೆ ತಮ್ಮ ಕಾವಲಿನವನು ಹೇಳಿದ್ದು ಇದು:

"ಅಕ್ಕಾ, ಹೆಸರು ಕೊಟ್ಟಿರೋ ತಂಡದವ್ರು ಮಾತ್ರ ಒಳಗೆ. ನೀವು ಆರಾಮಾಗಿ ಕೂತ್ಕೊಂಡು ನೋಡಿ."

"ಹರಕೆ ನಂದಪ್ಪಾ. ಕೂತ್ಕೊಂಡು ಹೆಂಗ್ ತೀರಿಸ್ಲಿ?"

ತಂಡದ ಕಾಲೇಜು ಹುಡುಗಿಯೊಬ್ಬಳಿಗೆ ಕನಿಕರ ಬಂತು. "ಆಂಟಿ, ನಿಮ್ಮ ಹೆಸರು ಹೇಳಿ. ನಿಮ್ ಪರವಾಗಿ ನಾನೇ ಕುಣೀತೀನಿ."

"ಬೇಡ ಕಣೇ ತಾಯಿ," ಎಂದಳು ರೊವೀನಾ. "ಸಂತಮ್ಮ ವಿಳಾಸ ತಪ್ಪಿ ನಿನಗೇ ಕೊಟ್ಬಿಟ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ?"

ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅಷ್ಟರಲ್ಲಿ ಧ್ವನಿವರ್ಧಕದ ಹಾಡಿಗೆ ಮೆರವಣಿಗೆ ಮುಂದೆ ಹೋಯಿತು, ಸಂತಳ ಬೆನ್ನು ಮಾತ್ರ ಕಂಡಿತು. ಬುಟ್ಟಿ ಹಾಗೇ ಮನೆಗೆ ಬಂತು. ಜೂನ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ಕುಣಿದಿದ್ದರೆ ಮಗುವಾಗುತ್ತಿತ್ತು ಎಂದು ವಾದಿಸುವಷ್ಟು ದಡ್ಡ ನಾನಲ್ಲ. ಆದರೆ ಕೇಳಿಯೂ ಸಿಗದಿದ್ದರೆ ಸಂತಳ ಮೇಲೆ ಮುನಿಸಿಕೊಳ್ಳಬಹುದಿತ್ತು. ಈಗ ಅವಳು ಯಾರ ಮೇಲೆ ಮುನಿಸಿಕೊಳ್ಳಬೇಕು? ತಮ್ಮ ಮೇಲೆಯೇ? ತಾವು ಸಿಗುವುದೇ ಇಲ್ಲವಲ್ಲ. ತಮ್ಮ ಕಚೇರಿಗೆ ಹೋದಾಗಲೆಲ್ಲ ತಾವು ಸಭೆಯಲ್ಲಿರುತ್ತೀರಿ. ಹಗ್ಗ ಬರುವ ವರ್ಷವೂ ಇರುತ್ತದೆಂದು ನನಗೆ ಗೊತ್ತು, ಅದನ್ನು ತೆಗೆಯಿರಿ ಎಂದು ಬೇಡಿ ಕಾಗದ ಹಾಳುಮಾಡುವುದಿಲ್ಲ.

ಮೊನ್ನೆ ಜೀಪ್ನಿ ಬಂಡಿಗಳಿಗೆ ಜನ ಕಾಯುವ ನಿಲ್ದಾಣದಲ್ಲಿ ತಮ್ಮ ಹೊಸ ಪೋಸ್ಟರ್ ನೋಡಿದೆವು. 'ಬನ್ನಿ, ಕುಣಿಯಿರಿ, ಮಡಿಲು ತುಂಬಿಕೊಳ್ಳಿ' ಎಂಬ ಸಾಲಿನ ಮೇಲೆ ಕೈಯೆತ್ತಿ, ಕಣ್ಣು ಮುಚ್ಚಿ ಕುಣಿಯುತ್ತಿರುವ ಹೆಂಗಸು ನನ್ನ ರೊವೀನಾ. ಹಗ್ಗ ಇಲ್ಲದ ಯಾವುದೋ ವರ್ಷದ ಫೋಟೋ. ಅವಳು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದೀನಿ ಅಲ್ವಾ?" ಎಂದಳು.

ಆ ಪೋಸ್ಟರುಗಳನ್ನು ಕೀಳಿಸಿ. ಬೇರೇನೂ ಬೇಡ. ಅವಳ ಮುಖ ನಂಬಿ ಎಲ್ಲಿಂದಲೋ ಒಬ್ಬಳು ಬಸ್ಸು ಹತ್ತುತ್ತಾಳೆ. ಅವಳು ಇಳಿಯುವಷ್ಟರಲ್ಲಿ ತಾವು ಹಗ್ಗ ಕಟ್ಟಿರುತ್ತೀರಿ.

ಇಂತಿ,
ತಮ್ಮ ಪೋಸ್ಟರಿನಲ್ಲಿ ಇನ್ನೂ ಕುಣಿಯುತ್ತಿರುವವಳ ಗಂಡ,
ಮೆಲ್ಚೋರ್