ಎದುರುಮನೆಯ ಕೀ ನನ್ನ ಬಳಿ ಇರಲಿ

ಬಾಡಿಗೆ ಮನೆಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ನೀವು ನಮ್ಮ ಕಟ್ಟಡದ ಬಾಗಿಲುಗಳಿಗೆ ಹಾಕಿಸಿದ ಸ್ಮಾರ್ಟ್ ಲಾಕ್ ಕೆಟ್ಟಿದೆ ಎಂದು ದೂರಲು ನಾನು ಈ ಪತ್ರ ಬರೆಯುತ್ತಿಲ್ಲ. ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ. ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಎದುರುಮನೆಯ ಹೊಲಿಗೆಯವಳು ಮನೆಯೊಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಗ ಆ ಬೀಗ ಎರಡೂವರೆ ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. ಕಳ್ಳನನ್ನು ಬಿಡಲಿಲ್ಲ ಎಂದು ನೀವು ಹೆಮ್ಮೆಪಡಬಹುದು. ನನ್ನನ್ನೂ ಬಿಡಲಿಲ್ಲ. ಈಗ ಆಸ್ಪತ್ರೆಯಲ್ಲಿ ಮಲಗಿರುವ ಅವಳ ಕೈಗೆ ನಿಮ್ಮ ಕಚೇರಿಯ ಕಾಗದ ತಲುಪಿದೆ. ಈ ತಿಂಗಳು ಇಪ್ಪತ್ತೆಂಟರೊಳಗೆ ಒಬ್ಬ ಸಂಬಂಧಿಕರ ಹೆಸರು ಕೊಡಬೇಕಂತೆ; ಇಲ್ಲವಾದರೆ ಅವಳು ಒಂಟಿಯಾಗಿ ಆ ಮನೆಯಲ್ಲಿ ಇರುವಂತಿಲ್ಲವಂತೆ. ಅವಳಿಗೆ ಸಂಬಂಧಿಕರು ಯಾರೂ ಇಲ್ಲ. ನಾನಿದ್ದೇನೆ. ನಾನು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಮೂರನೇ ಮಹಡಿಯವಳು. ಮಗಳ ಜೊತೆ ಇದ್ದೇನೆ. ಅವಳು ಔಷಧಿ ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುವ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ನಡುವಿನ ಹನ್ನೆರಡು ಗಂಟೆ ನಾನು, ನಾಲ್ಕು ಗೋಡೆ, ಒಂದು ಗಡಿಯಾರ. ಹಳ್ಳಿಯ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಕಲಿತಿದ್ದೇನೆ, ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ. ವಿಷಯ ಮಾತ್ರ ತಿದ್ದಬೇಡಿ.

ನಿಮ್ಮ ಬೀಗ ಬರುವ ಮೊದಲು ನಮ್ಮ ಮಹಡಿಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಹಗಲಲ್ಲಿ ಕೆಲಸವಿಲ್ಲದೆ ಮನೆಯಲ್ಲಿರುವವಳು ನಾನೊಬ್ಬಳೇ ಎಂದು ಎಲ್ಲರೂ ತಮ್ಮ ಎರಡನೇ ಕೀಯನ್ನು ನನ್ನ ಬಳಿ ಬಿಟ್ಟುಹೋಗುತ್ತಿದ್ದರು. ಬಾಗಿಲ ಪಕ್ಕದ ಗೋಡೆಗೆ ಹನ್ನೊಂದು ಮೊಳೆ, ಹನ್ನೊಂದು ಕೀ. ನಂಬರು ಓದಲು ನನಗೆ ಕನ್ನಡಕ ಬೇಕು, ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕು. ಅದಕ್ಕಾಗಿ ಹೊಲಿಗೆಯವಳು ತನ್ನ ಚಿಂದಿ ಬುಟ್ಟಿಯಿಂದ ಒಂದೊಂದು ಕೀಗೆ ಒಂದೊಂದು ಬಟ್ಟೆ ಕಟ್ಟಿಕೊಟ್ಟಳು. ಟ್ಯೂಷನ್ ಮೇಷ್ಟ್ರದ್ದು ಚೌಕಳಿ, ಬಸ್ ಡ್ರೈವರನದ್ದು ಖಾಕಿ, ಕೊನೆಯ ಮನೆಯ ದಂಪತಿಯದ್ದು ಹಳದಿ ವೆಲ್ವೆಟ್. ಬಣ್ಣ ಕಾಣದಿದ್ದರೆ ಮುಟ್ಟಿ ಹೇಳಬಹುದಿತ್ತು. "ಅಕ್ಕ, ನಿಮ್ಮ ಗೋಡೆ ನೋಡಿದ್ರೆ ನನ್ನ ಅಂಗಡಿಗಿಂತ ಚೆನ್ನಾಗಿದೆ" ಎನ್ನುತ್ತಿದ್ದಳು. "ಹೌದು ಕಣೇ, ನಿನ್ನ ಅಂಗಡಿಲಿ ಕೊಟ್ಟ ಬಟ್ಟೆ ವಾಪಸ್ಸು ಬರೋದು ಯಾವಾಗ್ಲೋ, ನನ್ನ ಅಂಗಡಿಲಿ ಕೇಳಿದ ತಕ್ಷಣ" ಎನ್ನುತ್ತಿದ್ದೆ ನಾನು.

ದಿನಕ್ಕೆ ನಾಲ್ಕೈದು ಸಲವಾದರೂ ಯಾರಾದರೊಬ್ಬರು ಬಾಗಿಲು ತಟ್ಟುತ್ತಿದ್ದರು. ಶಾಲೆಯಿಂದ ಬೇಗ ಬಂದ ಹುಡುಗಿ, ಟಿಫನ್ ಡಬ್ಬಿ ಮರೆತ ಡ್ರೈವರ್, ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿಬಂದ ವೆಲ್ವೆಟ್ ಹೆಂಗಸು. ಕೀ ತೆಗೆದುಕೊಂಡವರು ಒಂದು ಲೋಟ ನೀರು ಕುಡಿಯುತ್ತಿದ್ದರು, ಎರಡು ಮಾತು ಆಡುತ್ತಿದ್ದರು. ಕೀಯನ್ನು ಕಾದದ್ದಕ್ಕೆ ನನಗೆ ಸಿಕ್ಕಿದ್ದು ಅಷ್ಟೇ. ಅದು ಎಷ್ಟೆಂದು ಆಗ ತಿಳಿದಿರಲಿಲ್ಲ.

ನನ್ನಿಂದ ತಪ್ಪೇ ಆಗಿಲ್ಲ ಎಂದು ಹೇಳುವುದಿಲ್ಲ. ಒಮ್ಮೆ ಮೇಷ್ಟ್ರ ಅಣ್ಣ ಬಂದು ಕೇಳಿದಾಗ, ಮುಖ ಅಚ್ಚು ಹೊಡೆದ ಹಾಗಿದೆಯಲ್ಲ ಎಂದು ಚೌಕಳಿ ಕೀ ತೆಗೆದುಕೊಟ್ಟೆ. ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತಂತೆ. ಮೇಷ್ಟ್ರು ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಅದಾದ ಮೇಲೆ ಯಾರು ಬಂದರೂ ಮನೆಯವರನ್ನು ಕೇಳದೆ ಕೊಟ್ಟಿಲ್ಲ. ನಾನು ಒಂದು ತಪ್ಪಿನಿಂದ ಕಲಿತೆ. ನಿಮ್ಮ ಬೀಗಕ್ಕೆ ಮುಖ ಗುರುತಿಸುವ ಕಣ್ಣಿದೆ, ಬೆರಳು ಗುರುತಿಸುವ ಗಾಜಿದೆ, ನಾಲ್ಕು ಅಂಕಿಯ ಗುಟ್ಟಿದೆ. ಅಯ್ಯೋ ಎಂದು ಕೂಗಿದರೆ ಕೇಳಿಸಿಕೊಳ್ಳುವ ಕಿವಿ ಎಲ್ಲಿದೆ?

ಕಳ್ಳತನ ತಪ್ಪಿಸಲು ಎಂದು ನಿಮ್ಮ ಸೂಚನಾಪತ್ರದಲ್ಲಿತ್ತು. ನಾನು ಇಲ್ಲಿಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ನಮ್ಮ ಮಹಡಿಯಲ್ಲಿ ಕಳುವಾದದ್ದು ಒಂದು ಒದ್ದೆ ಕೊಡೆ. ಅದೂ ಬಾಗಿಲ ಹೊರಗೆ ಒಣಗಲು ಇಟ್ಟದ್ದು. ಆದರೂ ನಾನು ಮೊಂಡುವಾದ ಮಾಡುವವಳಲ್ಲ. ಮೆಟ್ಟಿಲ ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಹುಡುಗಿ ತಾನು ಬಿಟ್ಟುಬಂದ ಗಂಡನಿಗೆ ಹೆದರಿ ಎರಡು ಮನೆ ಬದಲಾಯಿಸಿದವಳು. ಆತನ ಬಳಿ ಅವಳ ಎಲ್ಲ ಮನೆಯ ಕೀಗಳೂ ಹೇಗೋ ಸೇರುತ್ತಿದ್ದವಂತೆ. "ಅಜ್ಜಿ, ಈ ಲಾಕ್ ಬಂದ್ಮೇಲೆ ನಾನು ಧೈರ್ಯವಾಗಿ ಸ್ನಾನ ಮಾಡ್ತೀನಿ" ಎಂದಳು. ಆ ಮಾತಿಗೆ ನಾನು ತಲೆಬಾಗುತ್ತೇನೆ. ಬೀಗ ಇರಲಿ. ಬೀಗವನ್ನು ಕಿತ್ತುಹಾಕಿ ಎಂದು ನಾನು ಎಲ್ಲಿಯೂ ಬರೆದಿಲ್ಲ, ಇನ್ನೊಮ್ಮೆ ಓದಿ ನೋಡಿ.

ಆದರೆ ಬೀಗದ ಜೊತೆಗೆ ಒಂದು ಆಜ್ಞೆಯೂ ಬಂತು. ಒಬ್ಬರ ಮನೆಯ ಕೀಯನ್ನಾಗಲಿ, ಗುಟ್ಟಿನ ಅಂಕಿಯನ್ನಾಗಲಿ ಇನ್ನೊಬ್ಬ ಬಾಡಿಗೆದಾರರಿಗೆ ಕೊಡಕೂಡದು. ಕೊಟ್ಟರೆ ಮನೆ ಖಾಲಿ ಮಾಡಿಸಬೇಕಾಗುತ್ತದೆ. ಎಲ್ಲರೂ ಬಂದು ತಮ್ಮ ತಮ್ಮ ಕೀ ತೆಗೆದುಕೊಂಡು ಹೋದರು. "ಇನ್ನು ನಿಮಗೆ ಆರಾಮ ಬಿಡಿ ಅಜ್ಜಿ" ಎಂದರು. ನಿಜ, ಬಹಳ ಆರಾಮ. ಆ ದಿನದಿಂದ ಹೊಲಿಗೆಯವಳು ಬೀಳುವವರೆಗೆ ನಲವತ್ತೊಂದು ದಿನ. ಅಷ್ಟು ದಿನದಲ್ಲಿ ನನ್ನ ಬಾಗಿಲನ್ನು ಆರು ಸಲ ತಟ್ಟಿದರು. ಅದರಲ್ಲಿ ನಾಲ್ಕು ಸಲ ಪಾರ್ಸೆಲ್‌ನವನು, ವಿಳಾಸ ತಪ್ಪಿ. ಎಣಿಸುವಷ್ಟು ಬಿಡುವು ನನಗಿತ್ತು.

ಹೊಲಿಗೆಯವಳಿಗೆ ಅರವತ್ತೊಂದು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಹಾಕುವುದು, ಯೂನಿಫಾರಂ ಹೊಲಿಯುವುದು ಅವಳ ಕಸುಬು. ಮೊದಲು ಬಾಗಿಲು ತೆರೆದಿಟ್ಟೇ ಮಷೀನು ತುಳಿಯುತ್ತಿದ್ದಳು. ಹೊಸ ಬೀಗ ಅದಕ್ಕೂ ಬಿಡಲಿಲ್ಲ. ಬಾಗಿಲು ಎರಡು ನಿಮಿಷ ತೆರೆದಿದ್ದರೆ ಕಿರುಚಲು ಶುರುಮಾಡುತ್ತಿತ್ತು. ಹಾಗಾಗಿ ಅವಳು ಆ ಕಡೆ ಮುಚ್ಚಿಕೊಂಡಳು, ನಾನು ಈ ಕಡೆ. ಮಷೀನಿನ ಸದ್ದು ಮಾತ್ರ ಕೇಳುತ್ತಿತ್ತು. ನೇರ ಹೊಲಿಗೆಯ ಸದ್ದು ಬೇರೆ, ತಿರುವಿನ ಸದ್ದು ಬೇರೆ. ಅವಳು ಏನು ಹೊಲಿಯುತ್ತಿದ್ದಾಳೆ ಎಂದು ಕೂತಲ್ಲೇ ಹೇಳುತ್ತಿದ್ದೆ. ಆ ಮಂಗಳವಾರ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಸ್ಟೂಲು ಉರುಳಿದ ಶಬ್ದ, ಅದರ ಹಿಂದೆಯೇ ಅವಳ ಕೂಗು. ಅಟ್ಟದ ಮೇಲಿನ ಬಟ್ಟೆಗಂಟು ತೆಗೆಯಲು ಹತ್ತಿದ್ದಳಂತೆ.

ಅವಳ ಬಾಗಿಲಿಗೆ ಕಿವಿಕೊಟ್ಟು ಕೂಗಿದೆ, "ಏನಾಯ್ತೇ?"

"ಬಿದ್ದೆ ಅಕ್ಕ. ಕಾಲು ಎಳೆಯೋಕೇ ಆಗ್ತಿಲ್ಲ."

"ಬಾಗಿಲ ಹತ್ರ ಬರೋಕಾಗತ್ತಾ?"

"ಆಗಿದ್ರೆ ನಿಮ್ಮನ್ನ ಯಾಕೆ ಕೂಗ್ತಿದ್ದೆ? ಬಟ್ಟೆ ಅಳತೆ ತಗೊಳ್ಳಕ್ಕಾ?"

ಆ ನೋವಿನಲ್ಲೂ ನಾಲಿಗೆ ಸರಿಯಾಗಿತ್ತು, ಅದೊಂದು ಸಮಾಧಾನ. ಆಂಬುಲೆನ್ಸಿಗೆ ಫೋನು ಮಾಡಿದೆ. ಬಾಗಿಲ ಮೇಲೆ ನೀವು ಅಂಟಿಸಿರುವ ಚೀಟಿಯ ನಂಬರಿಗೂ ಮಾಡಿದೆ. ನಿಮ್ಮ ಕಚೇರಿಯ ಹುಡುಗಿ ಬಹಳ ಮರ್ಯಾದೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ.

"ನೀವು ಅವರಿಗೆ ಏನಾಗಬೇಕು ಮೇಡಂ?"

"ಎದುರು ಮನೆಯವಳು ಕಣಮ್ಮ."

"ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಅವರು ಕೊಟ್ಟಿರೋ ತುರ್ತು ಸಂಪರ್ಕದ ನಂಬರಿಗೆ ಮಾಡ್ತೀವಿ. ಅವರು ಒಪ್ಪಿದ್ರೆ ಇಲ್ಲಿಂದಲೇ ಬಾಗಿಲು ತೆರೀತೀವಿ. ಲೈನಲ್ಲೇ ಇರಿ."

ಲೈನಲ್ಲೇ ಇದ್ದೆ. ಬಾಗಿಲ ಆಚೆ ಫೋನು ಹೊಡೆದುಕೊಳ್ಳಲು ಶುರುವಾಯಿತು.

"ಅಕ್ಕ, ನನ್ನ ಫೋನು ಬಡ್ಕೊಳ್ತಿದೆ. ಮಷೀನಿನ ಮೇಲಿದೆ, ಕೈಗೆ ಸಿಗ್ತಿಲ್ಲ" ಎಂದಳು ಒಳಗಿನಿಂದ.

ಫೋನು ನಿಂತಿತು. ನಿಮ್ಮ ಹುಡುಗಿ ಹೇಳಿದಳು, "ತುರ್ತು ಸಂಪರ್ಕದವರು ಕರೆ ತಗೊಳ್ತಿಲ್ಲ ಮೇಡಂ. ನಿಯಮದ ಪ್ರಕಾರ ಮೂರು ಸಲ ಮಾಡ್ತೀವಿ."

ಮೂರು ಸಲವೂ ಒಳಗಡೆಯೇ ಬಡಿದುಕೊಂಡಿತು. ಮೂರನೆಯ ಸಲಕ್ಕೆ ನನಗೆ ಹೊಳೆಯಿತು.

"ಏನೇ, ಆ ಕಾಲಂನಲ್ಲಿ ನಿನ್ನ ನಂಬರೇ ಬರ್ಸಿದ್ಯಾ?"

 ಒಳಗಿನಿಂದ ಹೇಳಿದಳು, "ನಿಮ್ಮದೇ ಬರ್ಸಿದ್ದೆ ಅಕ್ಕ. ಸಂಬಂಧಿಕರು ಮಾತ್ರ ಅಂತ ಹೊಡೆದು ಹಾಕಿದ್ರು. ಖಾಲಿ ಬಿಡಂಗಿಲ್ಲ ಅಂದ್ರು. ಇನ್ಯಾರದ್ದು ಬರ್ಸಲಿ? ನನಗೆ ನಾನೇ ತಾನೆ?"

ಇದನ್ನು ನಿಮ್ಮ ಕಚೇರಿಯಲ್ಲಿ ಯಾರೂ ನೋಡಲಿಲ್ಲವೇ ಮಾನ್ಯರೇ? ಬೆರಳಿನ ಗೆರೆಯನ್ನು ಕೂದಲೆಳೆಯಷ್ಟು ಬಿಡದೆ ಓದುವ ನಿಮ್ಮ ಯಂತ್ರಕ್ಕೆ ಬಾಡಿಗೆದಾರಳ ನಂಬರೂ ತುರ್ತು ಸಂಪರ್ಕದ ನಂಬರೂ ಒಂದೇ ಎಂದು ಕಾಣಲಿಲ್ಲವೇ? ಹತ್ತು ಅಂಕಿ ತುಂಬಿದ್ದರೆ ಆಯಿತು, ಆ ಅಂಕಿಯ ಹಿಂದೆ ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ ನಿಮಗೇಕೆ?

ಇಪ್ಪತ್ತು ನಿಮಿಷಕ್ಕೆ ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಬಂದರು. ಉಕ್ಕಿನ ಬಾಗಿಲಿಗೆ ಭುಜ ಕೊಟ್ಟು ನೋಡಿದರು. ಕಿಟಕಿಗೆ ಕಂಬಿ, ಕೆಳಗೆ ಮೂರು ಮಹಡಿ. ನಿಮ್ಮ ಕಚೇರಿಗೆ ತಾವೂ ಫೋನು ಮಾಡಿದರು, ಬಾಗಿಲು ಕತ್ತರಿಸುವವರನ್ನೂ ಕರೆಸಿದರು, ಅವರು ಊರ ಇನ್ನೊಂದು ತುದಿಯಿಂದ ಬರಬೇಕಿತ್ತು. ನಾನು ನೆಲದ ಮೇಲೆ ಕೂತು ಬಾಗಿಲಿಗೆ ಬೆನ್ನು ಕೊಟ್ಟು ಅವಳ ಜೊತೆ ಮಾತಾಡುತ್ತಲೇ ಇದ್ದೆ. ನಿದ್ದೆ ಬರುತ್ತಿದೆ ಎಂದರೆ ಬೈದೆ. ಯಾರ ಪ್ಯಾಂಟು ಹೊಲಿಯಲು ಬಾಕಿ ಇದೆ ಎಂದು ಕೇಳಿದೆ. ಹದಿನಾಲ್ಕು ಜನರನ್ನು ಹೇಳಿದಳು, ಸೊಂಟದ ಅಳತೆ ಸಮೇತ. ಹೆಸರು ಮರೆತರೂ ಅಳತೆ ಮರೆತಿರಲಿಲ್ಲ. ಆಮೇಲಾಮೇಲೆ ಅವಳ ದನಿ ಸಣ್ಣದಾಯಿತು. ಬಾಗಿಲು ದಪ್ಪ, ನನ್ನ ಕಿವಿಯೂ ದಪ್ಪ. ಅವಳು ಉತ್ತರ ಕೊಡುತ್ತಿದ್ದಾಳೋ ಇಲ್ಲವೋ ತಿಳಿಯದೆ ನಾನೊಬ್ಬಳೇ ಎಷ್ಟು ಹೊತ್ತು ಮಾತಾಡಿದೆನೋ ನನಗೇ ಗೊತ್ತಿಲ್ಲ.

ಕೊನೆಗೆ ಕತ್ತರಿಸುವವರಿಗಿಂತ ಮೊದಲು ಬಂದವನು ನಿಮ್ಮ ಕಚೇರಿಯ ಬೀಗದವನು. ಬೀಗದ ಕೆಳಗಿನ ಸಣ್ಣ ಮುಚ್ಚಳ ಸರಿಸಿದ. ಅಲ್ಲೊಂದು ಕೀ ತೂರುವ ತೂತು! ಜೇಬಿನಿಂದ ಮಾಮೂಲಿ ಕೀ ತೆಗೆದು ತಿರುಗಿಸಿದ. ಅಷ್ಟೇ. ಕಣ್ಣು, ಗಾಜು, ಗುಟ್ಟು ಎಲ್ಲದರ ಅಡಿಯಲ್ಲಿ ಮೊದಲಿನಂಥದ್ದೇ ಒಂದು ಕೀ. ಅಂಥ ಕೀ ಪ್ರತಿ ಮನೆಗೂ ಇದೆಯಂತೆ, ನಿಮ್ಮ ಕಪಾಟಿನಲ್ಲಿ ಭದ್ರವಾಗಿ ತೂಗುಹಾಕಿದ್ದಾರಂತೆ. ನನ್ನ ಗೋಡೆಯಿಂದ ನಿಮ್ಮ ಕಪಾಟಿಗೆ ಎಷ್ಟು ದೂರ ಎಂದು ನೀವು ನಕ್ಷೆಯಲ್ಲಿ ನೋಡಿರಬಹುದು. ನಾನು ಹೇಳುತ್ತೇನೆ: ಎರಡೂವರೆ ಗಂಟೆ. ನನ್ನ ಗೋಡೆಯಿಂದ ಅವಳ ಬಾಗಿಲಿಗೆ ಏಳು ಹೆಜ್ಜೆ. ಮಂಡಿನೋವಿದ್ದರೆ ಒಂಬತ್ತು.

ಹೋದ ವಾರ ಅವಳ ಖಾಲಿ ಮನೆಯ ಬೀಗ ತಾನಾಗಿಯೇ ಕೂಗತೊಡಗಿತು. ಬ್ಯಾಟರಿ ಕಡಿಮೆಯಾಗಿದೆಯಂತೆ. ಯಾರೂ ಫೋನು ಮಾಡಲಿಲ್ಲ, ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ನಲವತ್ತು ನಿಮಿಷಕ್ಕೆ ನಿಮ್ಮವನು ಹೊಸ ಬ್ಯಾಟರಿ ಹಿಡಿದು ಹಾಜರ್. ನಿಮ್ಮ ಬೀಗಕ್ಕೆ ಸಂಬಂಧಿಕರು ಇದ್ದಾರೆ ಎಂದುಕೊಂಡೆ.

ಭಾನುವಾರ ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ವಾಕರ್ ಹಿಡಿದು ವಾರ್ಡಿನ ಉದ್ದಕ್ಕೂ ನಡೆಯುತ್ತಾಳೆ ಈಗ. ದಿಂಬಿನ ಕೆಳಗಿನಿಂದ ನಿಮ್ಮ ಕಾಗದ ತೆಗೆದು ತೋರಿಸಿದಳು.

"ಅಕ್ಕ, ನನ್ನನ್ನ ಯಾವುದೋ ವೃದ್ಧಾಶ್ರಮಕ್ಕೆ ಹಾಕ್ತಾರಂತೆ."

"ಹಾಕೋಕೆ ನೀನೇನು ಹಳೇ ಪೇಪರಾ?"

ನಗಲಿಲ್ಲ. "ಮಷೀನು ತರಂಗಿಲ್ವಂತೆ ಅಲ್ಲಿ. ಸದ್ದಾಗತ್ತಂತೆ" ಎಂದಳು. ಅಷ್ಟು ಹೇಳಿ ಹೊದಿಕೆಯ ಅಂಚಿನ ಹೊಲಿಗೆ ಬಿಟ್ಟಿದ್ದನ್ನು ಬೆರಳಿನಿಂದ ಸರಿಮಾಡುತ್ತಾ ಕೂತಳು.  

ನಲವತ್ತು ವರ್ಷ ಆ ಮಷೀನು ತುಳಿದು ಯಾರ ಹಂಗಿಲ್ಲದೆ ಬದುಕಿದವಳು ಅವಳು. ಬಿದ್ದದ್ದು ಅವಳ ತಪ್ಪೆಂದರೆ, ದಿನವೂ ಎಷ್ಟೋ ಜನ ಬೀಳುತ್ತಾರೆ, ಅವರೆಲ್ಲ ಮನೆ ಬಿಡುತ್ತಾರೆಯೇ? ಅವಳನ್ನು ಅಷ್ಟು ಹೊತ್ತು ನೆಲದ ಮೇಲೆ ಉಳಿಸಿದ್ದು ನಿಮ್ಮ ನಿಯಮ. ತಪ್ಪು ನಿಯಮದ್ದು, ಮನೆ ಬಿಡಬೇಕಾದವಳು ಅವಳೇ? ಇದು ಯಾವ ಊರಿನ ಸುರಕ್ಷತೆ? ಯಾರಿಂದ ಯಾರಿಗೆ ಸುರಕ್ಷತೆ?

ನನ್ನ ಬೇಡಿಕೆ ಇಷ್ಟೇ. ಆ ಕಾಲಂನಲ್ಲಿರುವ "ಸಂಬಂಧಿಕರು ಮಾತ್ರ" ಎಂಬ ಎರಡು ಪದ ಹೊಡೆದುಹಾಕಿ. ಬಾಡಿಗೆದಾರರು ಯಾರನ್ನು ನಂಬುತ್ತಾರೋ ಅವರ ಹೆಸರು ಬರೆಯಲಿ. ಮೆಟ್ಟಿಲ ಪಕ್ಕದ ಹುಡುಗಿ ಯಾರ ಹೆಸರನ್ನೂ ಬರೆಯದಿದ್ದರೆ ಅದೂ ಅವಳ ಇಷ್ಟ. ಮುಚ್ಚಳದಡಿಯ ಆ ಮಾಮೂಲಿ ಕೀಯ ಇನ್ನೊಂದು ಪ್ರತಿಯನ್ನು ಹೆಸರು ಬರೆಸಿಕೊಂಡವರಿಗೆ ಕೊಡಿ, ಬೇಕಾದರೆ ನನ್ನ ಹೆಬ್ಬೆಟ್ಟು, ಸಹಿ, ಫೋಟೋ ಎಲ್ಲ ತೆಗೆದುಕೊಳ್ಳಿ. ಹೊಲಿಗೆಯವಳ ಅರ್ಜಿಯಲ್ಲಿ ನನ್ನ ಹೆಸರು ಇಪ್ಪತ್ತೆಂಟರೊಳಗೆ ಸೇರಬೇಕು. ಮಗಳ ಹೆಸರನ್ನೂ ಕೆಳಗೆ ಸೇರಿಸಿ. ನನಗೂ ಎಪ್ಪತ್ತನಾಲ್ಕು ಎಂಬುದು ನೀವು ಹೇಳುವ ಮೊದಲೇ ನನಗೆ ಗೊತ್ತು.

ಇವಳು ಎಂಥವಳು, ಕೀ ಕೊಡಬಹುದೋ ಬಾರದೋ ಎಂಬ ಅನುಮಾನ ನಿಮಗೆ ಬಂದರೆ ಅದು ನ್ಯಾಯವೇ. ಪತ್ರದಲ್ಲಿ ಉತ್ತರಿಸಬೇಡಿ. ಯಾರನ್ನಾದರೂ ವಿಚಾರಣೆಗೆ ಕಳಿಸಿ, ಇಲ್ಲವೇ ನೀವೇ ಬನ್ನಿ. ಮೊದಲೇ ತಿಳಿಸುವ ಅಗತ್ಯವಿಲ್ಲ. ಎಷ್ಟು ಪ್ರಶ್ನೆ ಬೇಕಾದರೂ ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತುಕೊಳ್ಳಿ. ನನಗೇನೂ ಅವಸರವಿಲ್ಲ.

ಇಂತಿ,
ಹಗಲೆಲ್ಲ ಮನೆಯಲ್ಲೇ ಸಿಗುವ
ಮೂರನೇ ಮಹಡಿಯ ಮುದುಕಿ