ಉತ್ತರದ ಬಾಗಿಲೊಳಗೆ ಇದ್ದವರು

ಅತ್ತೆಯವರಿಗೆ,

ಕಳೆದ ಮಂಗಳವಾರ ಮಧ್ಯಾಹ್ನ ಹೆಲೆನ್ ಫೋನ್ ಮಾಡಿದ್ದರು. ಥಾರ್ನ್‌ಮೀರ್ ಹಳ್ಳಿಯ ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಹೆಲೆನ್. ಅಷ್ಟು ವರ್ಷ ನಿಮಗೆ ಕಾಗದ ಬರೆದು, ಕೊನೆಗೆ ಮುನಿಸಿಕೊಂಡು ಸುಮ್ಮನಾದವರು. ನೀವು ಹೋಗಿ ಎರಡು ವರ್ಷವಾಯಿತೆಂದು ಅವರಿಗೆ ಗೊತ್ತೇ ಇರಲಿಲ್ಲ. "ಅವರನ್ನು ಕರೆಯಿರಿ, ಅವರಿಗೇ ಹೇಳಬೇಕು" ಎಂದರು. ಹೇಗೆ ಕರೆಯಲಿ? ಅದಕ್ಕೇ ಈ ಕಾಗದ.

ಗಾಂಧಿ ಬಜಾರಿನ ಹಳೇ ಪುಸ್ತಕದಂಗಡಿಯಲ್ಲಿ ಆ ಚರ್ಚಿನ ಕಿರುಪುಸ್ತಕ ನಿಮಗೆ ಸಿಕ್ಕಿದ ದಿನ ನಾನೂ ಜೊತೆಗಿದ್ದೆ. ನೀವಾಗ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದಿರಿ. ಮನೆಗೆ ಬಂದವರು ಕಾಫಿ ಆರಿದರೂ ಮುಟ್ಟದೆ ಓದಿದಿರಿ.

"ಯಾವ್ದೋ ಇಂಗ್ಲೆಂಡಿನ ಹಳ್ಳಿ, ನಿಮಗ್ಯಾಕತ್ತೆ ಅದು?" ಎಂದೆ.

"ಇಲ್ ನೋಡೇ. ಚರ್ಚೊಂದೇ ಹೊಲದ ಮಧ್ಯೆ ನಿಂತಿದೆ, ಊರು ಅರ್ಧ ಮೈಲಿ ಆಚೆ. ಪ್ಲೇಗು ಬಂದಾಗ ಜನ ಮನೆ ಬಿಟ್ಟು ಹೋಗಿ ಹೊಸ ಊರು ಕಟ್ಕೊಂಡ್ರಂತೆ. ನಮ್ ಬಸವನಗುಡಿ ಹುಟ್ಟಿದ್ದೂ ಹಾಗೇ ಅಲ್ವೇನೆ?"

ಹೆಲೆನ್ ಕಳಿಸಿದ ದಾಖಲೆಗಳ ನಕಲನ್ನು ನೀವು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದ ಭಾನುವಾರ ನೆನಪಿದೆಯೇ? ಆ ಊರಲ್ಲಿ ಹುಟ್ಟಿದವರು, ಮದುವೆಯಾದವರು, ಮಣ್ಣಾದವರು, ಎಲ್ಲರ ಹೆಸರನ್ನೂ ಪಾದ್ರಿಗಳು ಬರೆದಿಡುತ್ತಿದ್ದರು. ಪ್ಲೇಗಿನ ವರ್ಷದ ಪುಟದಲ್ಲಿ ಬೆರಳಿಟ್ಟು ತೋರಿಸಿದಿರಿ. ಅರ್ಧ ಪುಟದವರೆಗೆ ಪಾದ್ರಿಯ ದುಂಡು ಅಕ್ಷರ. ಆಮೇಲೆ ಯಾರೋ ಬರೆದು ರೂಢಿಯಿಲ್ಲದವರ ಸೊಟ್ಟ ಅಕ್ಷರ. ಆಗ್ನೆಸ್ ಎಂಬ ವಿಧವೆ, ಅವಳ ಮಗ ಥಾಮಸ್, ಮಗಳು ಜೋನ್. ಮೂವರೂ ಹುಟ್ಟಿದ್ದು ಬರೆದಿದೆ, ಸತ್ತದ್ದು ಎಲ್ಲೂ ಇಲ್ಲ. ಅದೇ ವರ್ಷ ಚರ್ಚಿನ ಉತ್ತರದ ಬಾಗಿಲನ್ನೂ ಅದರ ಹೊರಗಿನ ಪುಟ್ಟ ಮೊಗಸಾಲೆಯನ್ನೂ ಕಲ್ಲಿಟ್ಟು ಮುಚ್ಚಿದ್ದರು. ಗಾಳಿ ತಡೆಯಲು ಎಂದಿತ್ತು ಕಿರುಪುಸ್ತಕ.

"ಗಾಳಿಗೆ ಎರಡೂ ಕಡೆ ಗೋಡೆ ಕಟ್ತಾರೇನೆ? ಕಾಯಿಲೆಯೋರು ಆಸರೆ ಕೇಳ್ಕೊಂಡು ಅಲ್ಲಿ ಕೂತಿದ್ರು. ಊರೋರು..." ಅಲ್ಲಿಗೇ ನಿಲ್ಲಿಸಿದಿರಿ.

ಗೋಡೆ ತೆಗೆಸಿ ನೋಡಿ ಎಂದು ನೀವು ಹೆಲೆನ್‌ಗೆ ಬರೆದ ಸಂಜೆ ನಾನು ನಿಮ್ಮೊಡನೆ ಜಗಳವಾಡಿದೆ. ಆಗ ನೀವು ಮೊದಲ ಸಲ ಹೇಳಿದಿರಿ: ನಿಮ್ಮ ಮತ್ತು ಅಪ್ಪನ ಅಜ್ಜಿಗೊಬ್ಬ ಅಕ್ಕ ಇದ್ದಳು. ಬಳೇಪೇಟೆಯ ಮನೆಯಲ್ಲಿ ಅವಳಿಗೆ ಪ್ಲೇಗಿನ ಗಡ್ಡೆ ಎದ್ದಿತು. ಮನೆಯವರು ಅವಳನ್ನು ಒಳಗೇ ಬಿಟ್ಟು ಚಿಲಕ ಹಾಕಿಕೊಂಡು ಬಂದರು. "ಹೆಸರು ಕೇಳಿದ್ರೆ ಅಜ್ಜಿ ಬಾಯಿ ಮುಚ್ಕೋತಿದ್ರು ಕಣೆ. ಅವಳ ಜೊತೆ ಯಾರಾದ್ರೂ ಇದ್ರಾ, ಅದೂ ಹೇಳ್ಲಿಲ್ಲ." ಹೆಲೆನ್ ಉತ್ತರ ಚುಟುಕಾಗಿತ್ತು. ಊಹೆಯನ್ನು ನಂಬಿ ಹಳೆಯ ಗೋಡೆ ಒಡೆಯಲಾಗದು, ಹಳ್ಳಿಯ ಹಿರಿಯರನ್ನು ಕೊಲೆಗಾರರೆಂದು ಕರೆಯಬೇಡಿ. ಅದೇ ಅವರ ಕೊನೆಯ ಕಾಗದ.

ನೀವು ಹಾಸಿಗೆ ಹಿಡಿದ ವರ್ಷ, ಏಪ್ರಿಲ್ಲಿನ ಒಂದು ಮಧ್ಯಾಹ್ನ, ಮಂಚದಿಂದೆದ್ದು ಕೋಣೆಯ ಉತ್ತರದ ಗೋಡೆಗೆ ಕಿವಿಯಿಟ್ಟು ನಿಂತಿದ್ದಿರಿ. ಹೊರಗೆ ರಸ್ತೆಯ ಟಾರು ಕರಗುವ ಬಿಸಿಲು.

"ಮುಟ್ಟಿ ನೋಡು. ತಣ್ಣಗಿಲ್ವಾ?"

ಮುಟ್ಟಿದೆ. "ಇಲ್ಲ ಅತ್ತೆ, ಬಿಸಿಯಾಗೇ ಇದೆ. ಮಲಗಿ ಬನ್ನಿ."

"ಮೂರಲ್ಲ ಕಣೆ," ಎಂದಿರಿ, ಪಾಠ ಹೇಳುವ ದನಿಯಲ್ಲೇ. "ನಾಲ್ಕು ಉಸಿರು."

ಆವತ್ತು ನಾನು ಸುಳ್ಳು ಹೇಳಿದೆ, ಅತ್ತೆ. ಗೋಡೆ ಬಾವಿಯ ಕಲ್ಲಿನ ಹಾಗೆ ಕೊರೆಯುತ್ತಿತ್ತು. ಕೈ ತೆಗೆದಾಗ ಅಂಗೈ ಒದ್ದೆಯಾಗಿತ್ತು. ಒಪ್ಪಿಕೊಂಡಿದ್ದರೆ ನೀವು ಆ ಗೋಡೆಯ ಹತ್ತಿರದಿಂದ ಕದಲುತ್ತಲೇ ಇರಲಿಲ್ಲವೇನೋ ಎಂದು... ಅಥವಾ ನನಗೇ ಭಯವಾಗಿತ್ತೇ?

ಥಾರ್ನ್‌ಮೀರ್ ಬಗ್ಗೆ ನೀವು ಬರೆದ ಪುಸ್ತಕದ ಹಸ್ತಪ್ರತಿಯನ್ನು ಚಾಮರಾಜಪೇಟೆಯ ನನ್ನ ಪ್ರೆಸ್ಸಿನಲ್ಲಿ ಕಂಪೋಸ್ ಮಾಡುತ್ತಿದ್ದಾಗ ಕೊನೆಯ ಅಧ್ಯಾಯದಲ್ಲಿ ಒಂದು ಸಾಲು ಸಿಕ್ಕಿತು: 'ಒಳಗೆ ನಾಲ್ವರಿದ್ದರು.' ಆಸ್ಪತ್ರೆಗೆ ತಂದು ನಿಮ್ಮನ್ನು ಕೇಳಿದೆ, "ದಾಖಲೇಲಿ ಮೂರೇ ಜನ ಕಾಣೆಯಾಗಿರೋದು. ಇದಕ್ಕೇನಾಧಾರ?" ನೀವು ಹಾಳೆಯನ್ನು ನನ್ನ ಕೈಗೇ ವಾಪಸು ಕೊಟ್ಟಿರಿ. "ಆಧಾರ ಇಲ್ಲ. ಹೊಡೆದು ಹಾಕು." ನಾನು ಹೊಡೆದು ಹಾಕಿದೆ. ಮೂರು ದಿನಕ್ಕೆ ನೀವು ಹೋದಿರಿ. ಪುಸ್ತಕ ಪ್ರೂಫಿನಲ್ಲೇ ನಿಂತಿತು.

ಮಂಗಳವಾರ ಹೆಲೆನ್ ಮೊದಲು ಅತ್ತರು. ಚಳಿಗಾಲದ ಮಳೆಗೆ ಉತ್ತರದ ಗೋಡೆ ಉಬ್ಬಿತಂತೆ. ದುರಸ್ತಿಗೆ ಬಂದವರು ಹೊರಗಿನ ಕಲ್ಲು ಬಿಚ್ಚಿದರೆ ಒಳಗೆ ಮೊಗಸಾಲೆ ಹಾಗೇ ಇತ್ತಂತೆ, ಕಲ್ಲುಬೆಂಚೂ ಸೇರಿ. ಬೆಂಚಿಗೆ ಒರಗಿಕೊಂಡಂತೆ ಒಬ್ಬ ಹೆಂಗಸು, ಎರಡು ಮಕ್ಕಳ ಅಸ್ಥಿ. ಅವರು ಮುಂದುವರಿಸುವ ಮೊದಲೇ ನನ್ನ ಬಾಯಿಂದ ತಾನಾಗಿ ಬಂತು: "ಇನ್ನೊಬ್ಬರು?"

"ನಿಮಗೆ ಹೇಗೆ ಗೊತ್ತು?" ಎಂದರು ಹೆಲೆನ್.

ನಾಲ್ಕನೆಯವರು ಗಂಡಸು. ಜೋನ್‌ಳ ತಲೆ ಅವರ ತೊಡೆಯ ಮೇಲಿತ್ತು. ಪಕ್ಕದಲ್ಲಿ ಚರ್ಚಿನ ಬೆಳ್ಳಿಯ ಬಟ್ಟಲು. ದುಂಡು ಅಕ್ಷರದ ಆ ಪಾದ್ರಿ ಪ್ಲೇಗಿಗೆ ಹೆದರಿ ಬಟ್ಟಲು ಕದ್ದು ಓಡಿಹೋದನೆಂದು ಊರವರು ಇಂದಿನವರೆಗೂ ಹೇಳಿಕೊಂಡು ಬಂದಿದ್ದರು. ಅವರು ಎಲ್ಲಿಗೂ ಓಡಿರಲಿಲ್ಲ. ಗೋಡೆ ಏಳುವಾಗ ಒಳಗೇ ಕೂತಿದ್ದರು.

ನಿನ್ನೆ ಬೆಳಿಗ್ಗೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನಿಮ್ಮಣ್ಣನಿಗೆ ಈಗ ಕಿವಿ ಮಂದ, ಆದರೆ ಒಂದು ಮಾತೂ ಬಿಡದೆ ಕೇಳಿದರು. ವಿಭೂತಿ ಹಚ್ಚಿಕೊಳ್ಳಲು ಎತ್ತಿದ್ದ ಕೈ ಹಾಗೇ ನಿಂತಿತು.

"ನಂಗೊತ್ತು," ಎಂದರು.

"ಏನಪ್ಪ?"

"ಅಜ್ಜಿ ಅಕ್ಕನ ಹೆಸರು. ಸಾಯೋಕ್ ಮುಂಚೆ ನನ್ ಕೈಲಿ ಲಿಂಗ ಮುಟ್ಟಿಸಿ ಆಣೆ ಹಾಕ್ಸಿದ್ರು, ಯಾರ್ಗೂ ಹೇಳ್ಬಾರ್ದು ಅಂತ. ನಿಮ್ಮತ್ತೆ ಕೇಳ್ದಾಗೆಲ್ಲ ಗೊತ್ತಿಲ್ಲ ಅಂದ್ಬಿಟ್ಟೆ." ಎತ್ತಿದ್ದ ಕೈ ಇಳಿಸಿದರು. "ಸಿದ್ದಮ್ಮಣ್ಣಿ. ಒಂಬತ್ ವರ್ಷ. ಚಿಲಕ ಹಾಕಿದ್ದು ಅಜ್ಜೀನೇ. ಅವರಿಗಾಗ ಏಳು. ದೊಡ್ಡೋರ್ಗೆ ಯಾರ್ಗೂ ಧೈರ್ಯ ಬರ್ಲಿಲ್ವಂತೆ, ಮಗೂ ಕೈಲಿ ಹಾಕ್ಸಿದ್ರು."

"ಅವಳ ಜೊತೆ ಯಾರಾದ್ರೂ..."

"ಯಾರೂ ಇರ್ಲಿಲ್ಲಮ್ಮ."

ಥಾರ್ನ್‌ಮೀರ್‌ನಲ್ಲಿ ಬರುವ ಭಾನುವಾರ ನಾಲ್ವರನ್ನೂ ಮಣ್ಣು ಮಾಡುತ್ತಾರೆ. ನಿಮ್ಮ ಪುಸ್ತಕ ಅಷ್ಟರೊಳಗೆ ಅಚ್ಚಾಗುತ್ತದೆ. ಕೊನೆಯಲ್ಲಿ ಒಂದು ಪುಟ ನಾನು ಸೇರಿಸುತ್ತಿದ್ದೇನೆ, ಅತ್ತೆ. ಬಳೇಪೇಟೆಯ ಸಿದ್ದಮ್ಮಣ್ಣಿ, ಒಂಬತ್ತು ವರ್ಷ, ಒಬ್ಬಳೇ ಇದ್ದಳು ಎಂದು. ಅಪ್ಪ ಅದರ ಕೆಳಗೆ ತಮ್ಮ ಹೆಸರು ಹಾಕು ಎಂದಿದ್ದಾರೆ. ಕೇಳುವವರಿಗೆ ಆಧಾರ ಬೇಕಲ್ಲ.

ನಿಮ್ಮ,
ಶೈಲಾ