ಹೊಳೆಗೆ ಬಿಟ್ಟ ಕುರಾನ್

ದೇವದುರ್ಗ, 17-1-1987, ಶನಿವಾರ

ಮಕ್ಕಳ ಪೇಪರು ತಿದ್ದುವುದು ಬಾಕಿ. ಹಿಟ್ಟು ಬೀಸಿಸಿಲ್ಲ. ಅಮ್ಮ ತೀರಿಕೊಂಡು ನಾಳೆಗೆ ನಲವತ್ತು ದಿನ, ಫಾತಿಹಾ ಓದಿಸಬೇಕು. ಇವರಿಗೆ ಅಂಗಡಿಯದೇ ಧ್ಯಾನ — ರಾಯಚೂರಿನಿಂದ ಹೆಸರು ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಚೀಲಗಳು ಬಂದಿವೆ. ಹಸಿರು ಅಕ್ಷರ: ದಸ್ತಗೀರ್ ಕಿರಾಣಿ, ದೇವದುರ್ಗ. ಒಲೆಯ ಹತ್ತಿರವೂ ತಂದು ತೋರಿಸಿದರು. ಮದುಮಗನ ಹಾಗೆ ಓಡಾಟ.

18-1, ಭಾನುವಾರ

ಫಾತಿಹಾ ಮುಗಿಯಿತು. ಅಮ್ಮ ದಿನಾ ಓದುತ್ತಿದ್ದ ಕುರಾನ್... ಹಾಳೆಗಳೆಲ್ಲ ಸಡಿಲ, ಹುಳ ತಿಂದು ಜಾಲರಿ. ಕಸಕ್ಕೆ ಹಾಕುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು; 'ತಣ್ಣಗೆ ಮಾಡುವುದು' ಅನ್ನುತ್ತಾರೆ ನಮ್ಮಲ್ಲಿ. "ಹೊಳಿಗೇ ಬಿಡು ಬೇಟಿ, ಯಾರ ಕಾಲಾಗೂ ಬೀಳಬಾರ್ದು" ಎಂದು ಕೊನೆಗಾಲದಲ್ಲಿ ಅಮ್ಮ ಕೈ ಹಿಡಿದು ಹೇಳಿದ್ದಳು. ಮಾತು ಕೊಟ್ಟಿದ್ದೆ.

ಬಸ್ಸಿನಲ್ಲಿ ಜಾಲಹಳ್ಳಿ ದಾಟಿ ಕೃಷ್ಣೆಯ ಸೇತುವೆಗೆ ಹೋದೆವು. ಇವರು ಹೊಸ ಚೀಲ ಎರಡು ತೆಗೆದು, ಒಂದರೊಳಗೊಂದು ಹಾಕಿ ಗಂಟು ಬಿಗಿದರು.

"ಹೊಲಸು ಹತ್ತಬಾರ್ದು ನೋಡು, ಕಮರು" ಎಂದರು ನನಗೆ.

ನನಗೂ ಸರಿ ಎನಿಸಿತು. ಬಿಟ್ಟೆ. ತೇಲುತ್ತ ಹೋಯಿತು. ಕೃಷ್ಣೆ ಬಂಗಾಳ ಕೊಲ್ಲಿ ಸೇರುತ್ತದೆ ಎಂದು ಕ್ಲಾಸಿನಲ್ಲಿ ಹೇಳುತ್ತೇನಲ್ಲ. ಅಮ್ಮ ಸಮುದ್ರ ಕಂಡವಳಲ್ಲ, ಅವಳ ಕುರಾನ್ ಆದರೂ ಅಲ್ಲಿಗೆ ಹೋಗಲಿ ಅಂದುಕೊಂಡೆ. ಸಮಾಧಾನವಾಯಿತು.

2-4, ಗುರುವಾರ, ಸಂಜೆ

ಜಾಲಹಳ್ಳಿ ಕಡೆ ಕುರಿ ಕಾಯುವ ಬಂಡೆಮ್ಮ ಅಂತೆ, ಕೇಳಿಕೊಂಡು ಮನೆಗೆ ಬಂದಿದ್ದಳು. ತಲೆಯ ಮೇಲೆ ಗಂಟು. ಹಸಿರು ಅಕ್ಷರ.

"ಚೀಲದ ಮ್ಯಾಲಿನ ಹೆಸರು ಓದಿಸ್ಕೊಂಡು ಬಂದೀನಿ ಯವ್ವಾ. ನಿಮ್ಮ ಸಾಬ್ರ ದೇವ್ರ ಪುಸ್ತಕ ಅದ ಇದ್ರಾಗ. ಹೊಳಿ ದಂಡಿಗಿ ನಾಯಿ ಎಳದಾಡಾಕತ್ತಿತ್ತು. ಬಿಡಿಸ್ಕೊಂಡೆ."

ಹೊರಗಿನ ಚೀಲ ಹರಿದಿದೆ. ಒಳಗಿನದು ಗಟ್ಟಿ. ಹಾಳೆ ಒದ್ದೆ ಕೂಡ ಆಗಿಲ್ಲ. ಅಮ್ಮನ ಕುರಾನ್. ನಾಯಿ ಬಾಯಲ್ಲಿ... ಬರೆಯಲಾರೆ.

4-4, ಶನಿವಾರ

ಅರ್ಧ ದಿನದ ಶಾಲೆ ಮುಗಿಸಿ, ಬಂಡೆಮ್ಮನ ಜೊತೆ ಹೋಗಿ ನೋಡಿದೆ. ನೋಡಬಾರದಿತ್ತು. ನೀರು ಇಳಿದಿದೆ. ದಂಡೆಯ ಜಾಲಿಕಂಟಿ ತುಂಬ ಚೀಲ. ಹೂವಿನ ಹಾರ ಕಟ್ಟಿದ್ದು, ಒಡೆದ ದೇವರ ಫೋಟೊ ಕಟ್ಟಿದ್ದು, ಯಾರದೋ ಚಿತೆಯ ಬೂದಿ. ಎಲ್ಲರೂ ನಮ್ಮ ಹಾಗೆ ಭಕ್ತಿಯಿಂದಲೇ ಗಂಟು ಹಾಕಿದವರು. ಮುಳ್ಳುಮುಳ್ಳಿಗೂ ನಮ್ಮ ಅಂಗಡಿಯ ಹೆಸರು ಸಿಕ್ಕಿಕೊಂಡು ಪಟಪಟ ಅನ್ನುತ್ತಿದೆ.

"ಇವನ್ನ ತಿಂದು ನನ್ನ ಕುರಿ ಹೊಟ್ಟಿ ಉಬ್ಬಿ ಸತ್ತಾವು" ಎಂದಳು ಬಂಡೆಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದು ಕಂಟಿಗೆ ಸಿಕ್ಕಿದ್ದು. ಸಿಗದೆ ಹೋದದ್ದು? ಅದೆಲ್ಲ ಸಮುದ್ರದಲ್ಲಿದೆ ಈಗ. ನಕಾಶೆಯಲ್ಲಿ ಸಮುದ್ರಕ್ಕೆ ನೀಲಿ ತುಂಬಿ ಎಂದು ಮಕ್ಕಳಿಗೆ ಹೇಳುತ್ತೇನೆ.

5-4, ಭಾನುವಾರ

ಕಬರಸ್ತಾನಕ್ಕೆ ಹೋಗಿದ್ದೆವು. ಕುರಾನನ್ನು ಮತ್ತೆ ಹೊಳೆಗೆ ಬಿಡಲು ಮನಸ್ಸಾಗಲಿಲ್ಲ; ಅಮ್ಮನ ಕಬರಿನ ಮಗ್ಗುಲಲ್ಲೇ ಹೂಳಬೇಕೆಂದು ಹಟ ಹಿಡಿದೆ. ಇವರೇ ತಗ್ಗು ತೋಡಿದರು. ಗುರುವಾರದಿಂದ ಮುಖ ಸಣ್ಣದಾಗಿದೆ. ಹಾಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ್ದೆ. ಇನ್ನೇನು ಇಳಿಸಬೇಕು — ಇವರು ಜೇಬಿನಿಂದ ಮಡಿಸಿದ ಹೊಸ ಚೀಲ ತೆಗೆದರು. ಕಣ್ಣು ತುಂಬಿತ್ತು ಇವರಿಗೆ. ಪ್ರೀತಿಯಿಂದಲೇ ತಂದದ್ದು.

"ಹಂಗ ಇಟ್ರ ಗೆದ್ದಲ ತಿಂತಾವ."

"ತಿನ್ನಲಿ. ಅಮ್ಮನ್ನ ಚೀಲದಾಗ ಕಟ್ಟಿ ಇಟ್ಟೀವೇನ್ರಿ?"

ಇವರ ಕೈ ಅಲ್ಲೇ ನಿಂತಿತು. ಬಟ್ಟೆಯ ಗಂಟನ್ನು ನಾನೇ ಇಳಿಸಿದೆ. ಒಂದು ಹಿಡಿ ಮಣ್ಣು ಎತ್ತಿಕೊಂಡು ಇವರ ಕಡೆ ನೋಡಿದರೆ, ಇವರು ಚೀಲವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ತಾವೂ ಒಂದು ಹಿಡಿ ಮಣ್ಣು ಎತ್ತಿಕೊಂಡಿದ್ದರು.